ಬಟಾಣಿ ಮುಗಿದ ದಿನ

ನನ್ನ ಮೈದುನನನ್ನು ಬೀದಿಯವರೆಲ್ಲ ಡಾಕ್ಟ್ರು ಎಂದೇ ಕರೆಯುವುದು. ಅವನು ಬೈಕ್ ಮೆಕ್ಯಾನಿಕ್. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಆಮೇಲೆ, ಇಂಥ ಕಡೆ ಇಂಥದ್ದು ಸವೆದಿದೆ ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಸವೆದಿರುತ್ತಿತ್ತು. ಮೂವತ್ತೈದು ವರ್ಷ ಹೀಗೇ ನಡೆಯಿತು.

ಎರಡು ವರ್ಷದ ಹಿಂದೆ ಅವನ ಕಿವಿ ಮಂದವಾಯಿತು. ಮೊದಲು ಗೊತ್ತಾದದ್ದು ನನಗೆ. ಹಾಲು ಉಕ್ಕಿ ಒಲೆಯ ಮೇಲೆ ಚುಂಯ್ ಎಂದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ. ಆಸ್ಪತ್ರೆಗೆ ಹೋಗೋಣ ಎಂದೆ.

"ಹೋದ್ರೆ ಕಿವಿಗೊಂದು ಮಿಷನ್ ಸಿಕ್ಕಿಸ್ತಾರೆ. ಅದನ್ನ ನೋಡಿದ ಮೇಲೆ ನನ್ನ ಹತ್ರ ಯಾರು ಬೈಕ್ ತರ್ತಾರೆ ಅತ್ತಿಗೆ?" ಎಂದ.

ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಆ ಶೆಡ್ಡು ಬಿಟ್ಟರೆ ಬೇರೆ ಜಗತ್ತಿಲ್ಲ. ನಾನು ಮಾತು ಬೆಳೆಸಲಿಲ್ಲ.

ಶೆಡ್ಡು ಅಂದರೆ ನಮ್ಮ ಅಡುಗೆಮನೆಯ ಹಿಂದಿನ ಜಾಗ, ಮೇಲೊಂದು ತಗಡು. ನಾನು ಬಟಾಣಿಯೋ ಬೆಳ್ಳುಳ್ಳಿಯೋ ಸುಲಿಯುತ್ತಾ ಹಿಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತೇನೆ. ಕೂತೂ ಕೂತೂ ಎಂಜಿನ್ನುಗಳ ಸದ್ದು ನನಗೂ ಮನೆಮಂದಿಯ ದನಿಯಷ್ಟೇ ಪರಿಚಯ. ಅದರಿಂದಲೇ ನಮ್ಮಿಬ್ಬರ ನಡುವೆ ಒಂದು ಏರ್ಪಾಡು ಬೆಳೆಯಿತು. ಅವನು ಸ್ಕ್ರೂಡ್ರೈವರನ್ನು ಕಿವಿಗಿಟ್ಟು, ಓರೆಗಣ್ಣಲ್ಲಿ ನನ್ನ ಕೈ ನೋಡುತ್ತಾನೆ. ಕೆಟ್ಟ ಸದ್ದು ಇರುವಷ್ಟು ಹೊತ್ತು ನಾನು ಸುಲಿಯುತ್ತಲೇ ಇರಬೇಕು. ಸದ್ದು ನಿಂತರೆ ಕೈಯೂ ನಿಲ್ಲಬೇಕು. ಉಳಿದದ್ದೆಲ್ಲ ಅವನ ಬೆರಳುಗಳಿಗೆ ಗೊತ್ತು. ಎರಡು ವರ್ಷ ಇದು ಯಾರಿಗೂ ತಿಳಿಯಲಿಲ್ಲ.

ಒಂದು ದಿನ ಬ್ರೆಡ್ಡಿನವನು ಬಂದ. ಬೈಕಿನ ಹಿಂದೆ ಎರಡು ಕ್ರೇಟು ಕಟ್ಟಿಕೊಂಡು ದಿನಕ್ಕೆ ನಲವತ್ತು ಅಂಗಡಿಗೆ ಬ್ರೆಡ್ ಹಾಕುವವನು. ನಿಂತಲ್ಲೇ ಎಂಜಿನ್ ಕಟಕಟ ಅನ್ನುತ್ತಿತ್ತು, ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ತಿರುವಿನ ಗ್ಯಾರೇಜಿನವರು ಕ್ರ್ಯಾಂಕ್ ಹೋಗಿದೆ, ಇಡೀ ಎಂಜಿನ್ ಬಿಚ್ಚಬೇಕು ಅಂದಿದ್ದರಂತೆ. ಇನ್ನೊಂದು ಮಾತನ್ನೂ ಅವನು ನಗುತ್ತಲೇ ತಂದಿದ್ದ.

"ಡಾಕ್ಟ್ರಿಗೆ ಈಗ ಕಿವಿ ಕೇಳಲ್ಲ, ಸುಮ್ನೆ ನಾಟಕ ಅಂತಾರೆ ಅವ್ರು. ನಾನು ನಂಬ್ಲಿಲ್ಲ, ನಿಮ್ಮ ಹತ್ರಾನೇ ಬಂದೆ."

ಮೈದುನ ಬೈಕ್ ಶುರು ಮಾಡಿ ಸ್ಕ್ರೂಡ್ರೈವರನ್ನು ಕಿವಿಗಿಟ್ಟ. ನಾನು ಬಟಾಣಿ ಸುಲಿಯುತ್ತಿದ್ದೆ. ಅವನು ಕ್ಲಚ್ ಹಿಡಿದ, ಸದ್ದು ನಿಂತಿತು, ನನ್ನ ಕೈ ನಿಂತಿತು. ಬಿಟ್ಟ, ಮತ್ತೆ ಕಟಕಟ, ಮತ್ತೆ ಬಟಾಣಿ. ಮೂರು ಸಲ ಹೀಗೆ ನೋಡಿ ಎಂಜಿನ್ ಆರಿಸಿದ. ಕ್ರ್ಯಾಂಕ್ ಹೋಗಿದ್ದರೆ ಕ್ಲಚ್ ಹಿಡಿದರೂ ಬಿಟ್ಟರೂ ಬಡಿಯುತ್ತಿತ್ತು, ಇದು ಕ್ಲಚ್ ಬುಟ್ಟಿಯದೇ ಕೆಲಸ ಎಂದ.

ಎಣ್ಣೆ ಚೆಲ್ಲದ ಹಾಗೆ ಬೈಕನ್ನು ಎಡಕ್ಕೆ ಗೋಡೆಗೆ ಒರಗಿಸಿ, ಬಲಗಡೆಯ ಕವರ್ ಬಿಚ್ಚಿ, ಕ್ಲಚ್ ಪ್ಲೇಟುಗಳನ್ನು ಹೊರಗೆ ತೆಗೆದ. ಆ ಪ್ಲೇಟುಗಳು ಕೂರುವ ಲೋಹದ ಬಟ್ಟಲೇ ಬುಟ್ಟಿ. ಅದಕ್ಕೆ ಕಚ್ಚಿಕೊಳ್ಳುವ ಚಿಕ್ಕ ಗಿಯರಿನ ಸಂದಿಗೆ ಬಟ್ಟೆ ತುರುಕಿ ಅಲ್ಲಾಡದಂತೆ ಮಾಡಿ, ಬುಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿದ. ಬ್ರೆಡ್ಡಿನವನ ಕೈಯನ್ನೂ ಎಳೆದು ಅದರ ಮೇಲಿಟ್ಟ. ಬುಟ್ಟಿಯ ಬೆನ್ನಿಗಿದ್ದ ಸ್ಪ್ರಿಂಗುಗಳು ಸಡಿಲವಾಗಿ, ರಿವೆಟ್ಟುಗಳು ಅಲ್ಲಾಡುತ್ತಿದ್ದವು. ನಡುವಿನ ಬಳೆಯಂಥ ಬುಶ್ ಕೂಡ ಸವೆದು ಬುಟ್ಟಿ ಅತ್ತಿತ್ತ ಓಲಾಡುತ್ತಿತ್ತು. ನಲವತ್ತು ಅಂಗಡಿಯ ಮುಂದೆ ನಿಲ್ಲಿಸು, ಹೊರಡು, ನಿಲ್ಲಿಸು, ಹೊರಡು ಅಂದರೆ ಅದಾದರೂ ಏನು ಮಾಡೀತು. ಬುಟ್ಟಿ ಒಂದೇ ಹಾಕಿದರೆ ಸಾಲದೇ ಎಂದು ಬ್ರೆಡ್ಡಿನವನು ಕೇಳಿದ.

"ಹೊಸ ಸೊಸೇನ ಹಳೇ ಜಗಳದ ಮನೆಗೆ ಕರ್ಕೊಂಡು ಬಂದ ಹಾಗಾಗುತ್ತೆ. ಬುಶ್ಶೂ ಹೊಸದೇ ಹಾಕೋಣ," ಎಂದ ಮೈದುನ.

ಮರುದಿನ ಸಾಮಾನು ಬಂತು. ಅವನದೊಂದು ಪದ್ಧತಿಯಿದೆ. ತೆಗೆದ ಹಳೆಯ ಭಾಗವನ್ನು ಪೇಪರಿನಲ್ಲಿ ಸುತ್ತಿ, ಜೋಡಿಸಲು ಕೂರುವ ಮೊದಲೇ ಗಿರಾಕಿಯ ಕೈಗೆ ಕೊಟ್ಟುಬಿಡುತ್ತಾನೆ. ಬದಲಾಯಿಸಲೇ ಇಲ್ಲ ಎಂದು ನಾಳೆ ಯಾರೂ ಅನ್ನಬಾರದು. ಅಂದೂ ಹಾಗೇ ಕೊಟ್ಟ, ಬ್ರೆಡ್ಡಿನವನು ಗಂಟನ್ನು ಕ್ರೇಟಿಗೆ ಹಾಕಿಕೊಂಡ. ಮೈದುನ ಎಲ್ಲ ಜೋಡಿಸಿ, ಕವರ್ ಮುಚ್ಚಿ, ಬೈಕ್ ಶುರು ಮಾಡಿ ನನ್ನ ಕಡೆ ನೋಡಿದ.

ನನ್ನ ಕೈ ನಿಂತಿತ್ತು. ಸರಿಯಾಯ್ತು ಎಂದು ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

ಆದರೆ ಕೈ ನಿಂತದ್ದು ಮೊರದಲ್ಲಿ ಬಟಾಣಿ ಮುಗಿದದ್ದಕ್ಕೆ. ಸದ್ದು ಕಡಿಮೆಯಾಗಿತ್ತು, ಹೋಗಿರಲಿಲ್ಲ. ಟಕ್, ಟಕ್ ಎಂದು ಒಳಗೆ ಏನೋ ಬಡಿಯುತ್ತಿತ್ತು. ಬರೀ ಸಿಪ್ಪೆಯನ್ನೇ ಎತ್ತಿಕೊಂಡು ಸುಲಿದಂತೆ ಮಾಡಿದೆ, ಅವನು ತಿರುಗಿ ನೋಡಲಿಲ್ಲ. ಬ್ರೆಡ್ಡಿನವನು ಆಗಲೇ ಬೈಕಿನ ಮೇಲೆ ಕೂತಿದ್ದ. ಬಾಯಿ ಬಿಟ್ಟರೆ ಮೈದುನನ ಮಾನ ಹೋಗುತ್ತದೆ. ಬಿಡದಿದ್ದರೆ ಬೈಕು ವಾರದಲ್ಲಿ ಮರಳಿ ಬರುತ್ತದೆ, ಮಾನ ಆಗಲೂ ಹೋಗುತ್ತದೆ, ಜೊತೆಗೆ ಆ ಮನುಷ್ಯನ ಕೆಲಸವೂ ಕೆಡುತ್ತದೆ.

"ಸದ್ದು ಇನ್ನೂ ಇದೆ," ಎಂದೆ.

ಮೈದುನನಿಗೆ ಕೇಳಿಸಲಿಲ್ಲ. ಬ್ರೆಡ್ಡಿನವನು ಕಿವಿಗೊಟ್ಟು ಆಲಿಸಿದ, ಹೌದಲ್ಲ ಎಂದ. ಆಮೇಲೆ ನನ್ನನ್ನು ನೋಡಿದ, ಅವನನ್ನು ನೋಡಿದ.

"ಡಾಕ್ಟ್ರೇ, ನಿಮಗೆ ಕೇಳಿಸ್ತಿಲ್ವಾ?" ಈ ಸಲ ಜೋರಾಗಿಯೇ ಕೇಳಿದ.

ಮೈದುನ ಎಂಜಿನ್ ಆರಿಸಿ, ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡ. ಐದೂ ಬೆರಳು ಮುಗಿದ ಮೇಲೆ ಹೇಳಿದ.

"ಇಲ್ಲ. ಎರಡು ವರ್ಷ ಆಯ್ತು. ಕೇಳೋದೆಲ್ಲ ಅತ್ತಿಗೆ."

ಮತ್ತೆ ಬೈಕನ್ನು ಒರಗಿಸಿ ಕವರ್ ಬಿಚ್ಚಿದ. ಹೊಸ ಬುಟ್ಟಿ ಸುತ್ತ ಅಲ್ಲಾಡುತ್ತಿರಲಿಲ್ಲ, ಆದರೆ ಎಳೆದರೆ ಹೊರಗೆ ಬರುತ್ತಿತ್ತು, ತಳ್ಳಿದರೆ ಒಳಗೆ ಹೋಗುತ್ತಿತ್ತು. ಹಿಂದೆ ಏನೋ ಬಿಟ್ಟುಹೋಗಿದೆ ಎಂದ. ಆಮೇಲೆ ಎದ್ದು ಹೋಗಿ ಕ್ರೇಟಿನಿಂದ ಆ ಪೇಪರ್ ಗಂಟನ್ನು ತಂದು ಬಿಚ್ಚಿದ. ಹಳೆಯ ಬುಟ್ಟಿಯ ಬೆನ್ನಿಗೆ ತೆಳ್ಳನೆಯ ವಾಷರ್ ಒಂದು ಎಣ್ಣೆಯಲ್ಲಿ ಅಂಟಿಕೊಂಡು ಕೂತಿತ್ತು. ಬುಟ್ಟಿಯ ಹಿಂದೆ ಇರಬೇಕಾದದ್ದು, ಗಿರಾಕಿಯ ಸಾಕ್ಷಿಯ ಜೊತೆ ಹೊರಟುಹೋಗಿತ್ತು.

"ನೋಡಿ, ನನ್ನ ಪ್ರಾಮಾಣಿಕತೆ ಮಾಡಿದ ಕೆಲಸ," ಎಂದು ಅದನ್ನು ಉಗುರಲ್ಲಿ ಎಬ್ಬಿಸಿ ತೆಗೆದ.

ವಾಷರ್ ಹಾಕಿ ಮತ್ತೆ ಎಲ್ಲ ಜೋಡಿಸಿದ. ಬೈಕ್ ಶುರುವಾಯಿತು. ಈ ಸಲ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಬ್ರೆಡ್ಡಿನವನ ಎದುರಿಗೇ, ನಿಂತಿತಾ ಅತ್ತಿಗೆ ಎಂದು ಕೇಳಿದ. ಕ್ಲಚ್ ಹಿಡಿಸಿದೆ, ಬಿಡಿಸಿದೆ, ಇನ್ನೊಂದು ಸಲ ಹಿಡಿಸಿದೆ. ಆಮೇಲೆ ಅವನಿಗೆ ಕೇಳುವಷ್ಟು ಗಟ್ಟಿಯಾಗಿ, ನಿಂತಿತು ಎಂದೆ.

"ಹಾಗಾದ್ರೆ ಡಾಕ್ಟ್ರು ಯಾರು?" ಬ್ರೆಡ್ಡಿನವನು ಕೇಳಿದ.

"ಡಾಕ್ಟ್ರು ಅವರೇ. ನಾನು ಆಪರೇಷನ್ ಮಾಡೋನು."

ಬ್ರೆಡ್ಡಿನವನು ಹೋಗುವುದು ನಲವತ್ತು ಅಂಗಡಿಗೆ. ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು. ಇಬ್ಬರು ಮೂವರು ತಿರುವಿನ ಗ್ಯಾರೇಜಿಗೆ ಹೋದರು, ಉಳಿದವರು ಬಂದರು. ಮೈದುನ ಆಸ್ಪತ್ರೆಗೂ ಹೋಗಿ ಬಂದ. ಅವರು ಕೊಟ್ಟ ಕಿವಿಯ ಮಿಷನನ್ನು ಊಟದ ಹೊತ್ತಿಗೆ ಹಾಕಿಕೊಳ್ಳುತ್ತಾನೆ. ಅದರಲ್ಲಿ ಎಲ್ಲ ಎಂಜಿನ್ನುಗಳೂ ತಗಡು ಬಡಿದ ಹಾಗೇ ಕೇಳುತ್ತವಂತೆ, ಶೆಡ್ಡಿನಲ್ಲಿ ತೆಗೆದಿಡುತ್ತಾನೆ. ನನಗೆ ಬೈಕಿನ ಪಕ್ಕದಲ್ಲೇ ಒಂದು ಸ್ಟೂಲು ಹಾಕಿದ್ದಾನೆ. ಬಟಾಣಿಯನ್ನು ನಾನೀಗ ಬೆಳಿಗ್ಗೆಯೇ ಸುಲಿದು ಇಟ್ಟುಬಿಡುತ್ತೇನೆ.