ಕಂಬದ ಬುಡದಲ್ಲಿ ಕಂಡ ಹಳದಿ

ನೋಡಬೇಕಾದ್ದನ್ನು ನಾನು ನೋಡಲಿಲ್ಲ. ನೋಡಿದೆ ಎಂದು ಹೇಳಿದೆ. ಆಮೇಲೆ ತಪ್ಪು ಕಣ್ಣಿಗೆ ಬಿದ್ದಾಗ ಬಾಯಿ ಮುಚ್ಚಿಕೊಂಡು ಕೂತೆ. ಮೂರರಲ್ಲಿ ದೊಡ್ಡ ತಪ್ಪು ಯಾವುದು ಎಂದು ಕೇಳಿದರೆ ಮೂರನೆಯದು ಎನ್ನುತ್ತೇನೆ.

ಇದು ನಡೆದು ಮೂರು ವರ್ಷವಾಯಿತು. ಆಗ ನಾನು ಹೊನ್ನಾವರದ ಒಂದು ಸಣ್ಣ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಕಚೇರಿಯಲ್ಲಿ ಕಂಪ್ಯೂಟರ್ ಮಾಡೆಲ್ ಮಾಡುವ ಕೆಲಸದಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ಕಚೇರಿ ನನ್ನ ತಂಗಿ ಮಮತಾಳದ್ದು. ನಮ್ಮದು ಮಂಕಿಯ ಮೀನುಗಾರರ ಮನೆ. ನಾನು ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟು, ಕುಮಟಾದಲ್ಲಿ ಕಂಪ್ಯೂಟರ್ ಡ್ರಾಯಿಂಗ್ ಕಲಿತವಳು. ಅವಳು ಎಂಜಿನಿಯರ್ ಆದಳು. ಕಚೇರಿ ತೆರೆದಾಗ ಕೆಲಸಕ್ಕೆ ಮೊದಲು ಕರೆದದ್ದು ನನ್ನನ್ನೇ. ಅಲ್ಲಿ ಅವಳು ಮೇಡಂ, ಮನೆಯಲ್ಲಿ ನಾನು ಅಕ್ಕ. ಹೊನ್ನಾವರದಿಂದ ಮಂಕಿಗೆ ಬರುವಷ್ಟರಲ್ಲಿ ದಿನಾ ಈ ಸ್ಥಾನ ಅದಲುಬದಲಾಗುತ್ತಿತ್ತು. ನನಗೆ ಅದು ಒಳಗೊಳಗೇ ಚುಚ್ಚುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಭಟ್ಕಳದ ಒಬ್ಬ ಐಸ್ ಪ್ಲಾಂಟ್ ಮಾಲೀಕ ಸಾಹೇಬರಿಗೆ ನೀರಿನಲ್ಲಿ ಕಬ್ಬಿಣದ ಕಂಬಗಳ ಮೇಲೆ ನಿಂತ ಹಳೆಯ ಕಟ್ಟೆಯೊಂದಿತ್ತು. ದೋಣಿಗಳು ಅದರ ಪಕ್ಕ ಬಂದು ಐಸ್ ತುಂಬಿಕೊಳ್ಳುತ್ತಿದ್ದವು. ಮಳೆಗಾಲ ಮುಗಿದಿತ್ತು, ದೋಣಿಗಳು ಕಡಲಿಗೆ ಇಳಿದಿದ್ದವು. ಸಾಹೇಬರಿಗೆ ಕಟ್ಟೆಯ ಮೇಲೆ ಐಸ್ ಪುಡಿ ಮಾಡುವ ದೊಡ್ಡ ಯಂತ್ರ ಕೂರಿಸಬೇಕಿತ್ತು. ಹಳೆಯ ಕಂಬಗಳು ಆ ಭಾರ ತಡೆಯುತ್ತವೆಯೇ ಎಂದು ನಾವು ಹೇಳಬೇಕಿತ್ತು.

ಇಂಥ ಲೆಕ್ಕಕ್ಕೆ ಫೈನೈಟ್ ಎಲಿಮೆಂಟ್ ಎಂಬ ವಿಧಾನವಿದೆ. ಕಂಬವನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಣ್ಣ ತುಂಡುಗಳಾಗಿ ಒಡೆಯುತ್ತೇವೆ. ಒಂದೊಂದು ತುಂಡೂ ಒಂದು ಎಲಿಮೆಂಟ್. ಪ್ರತಿ ತುಂಡಿಗೂ ಎಷ್ಟು ದಪ್ಪ, ಎಷ್ಟು ಭಾರ ಎಂದು ಹೇಳಿದರೆ ಕಂಬ ತಡೆಯುತ್ತದೆಯೇ ಎಂದು ಸಾಫ್ಟ್‌ವೇರ್ ಲೆಕ್ಕ ಮಾಡಿ ಕೊಡುತ್ತದೆ. ಕಡಲ ಕಂಬಕ್ಕೆ ಹೆಚ್ಚು ತುಕ್ಕು ಹಿಡಿಯುವುದು ಸೊಂಟದ ಹತ್ತಿರ, ಉಬ್ಬರ ಇಳಿತದಲ್ಲಿ ಒಮ್ಮೆ ನೆನೆದು ಒಮ್ಮೆ ಒಣಗುವ ಭಾಗಕ್ಕೆ. ಆ ಭಾಗದ ತುಂಡುಗಳಿಗೆ ಮಾತ್ರ ಕಡಿಮೆ ದಪ್ಪ ಕೊಡಬೇಕು. ಸಾವಿರಾರು ತುಂಡುಗಳನ್ನು ಒಂದೊಂದಾಗಿ ಮೌಸ್‌ನಿಂದ ಒತ್ತಿ ಆರಿಸುತ್ತ ಕೂರಲಾಗುವುದಿಲ್ಲ. ಅದಕ್ಕೆ ಮಮತಾ ಒಂದು ಸ್ಕ್ರಿಪ್ಟ್ ಬರೆದಿದ್ದಳು. ಇಷ್ಟು ಎತ್ತರದಿಂದ ಇಷ್ಟು ಎತ್ತರದ ನಡುವೆ ಇರುವ ತುಂಡುಗಳನ್ನೆಲ್ಲ ಆರಿಸು, ಅವನ್ನು ತೆಳ್ಳಗೆ ಮಾಡು ಎಂಬ ಅಪ್ಪಣೆ ಅದು. ಆರಿಸಿದ ತುಂಡುಗಳು ಪರದೆಯ ಮೇಲೆ ಹಳದಿಯಾಗುತ್ತವೆ.

ಅವಳದ್ದೊಂದು ನಿಯಮವಿತ್ತು. ಸ್ಕ್ರಿಪ್ಟ್ ಓಡಿದ ಮೇಲೆ ಬೇರೆಲ್ಲವನ್ನೂ ಮರೆಮಾಡಿ ಹಳದಿ ಎಲ್ಲಿದೆ ಎಂದು ಕಣ್ಣಿಂದ ನೋಡಲೇಬೇಕು. "ಅದು ಹೇಳಿದ್ದನ್ನು ಮಾಡ್ತದೆ ಅಕ್ಕಾ. ಸರಿಯಾ ಅಂತ ತಿರುಗಿ ಕೇಳೂದಿಲ್ಲ" ಎನ್ನುತ್ತಿದ್ದಳು.

ಕಂಬಗಳ ಅಳತೆ ತಂದವಳು ನಾನೇ. ನಮ್ಮ ದೋಣಿಯವರು ನೀರಿನ ಲೆಕ್ಕ ಹಿಡಿಯುವುದು ಕಂಬಕ್ಕೆ ಅಂಟಿದ ಚಿಪ್ಪಿನ ಗೆರೆಯಿಂದ. ಚಿಪ್ಪಿಗಿಂತ ಒಂದು ಮೊಳ ಕೆಳಗೆ ನೀರಿದೆ, ದೋಣಿ ತರಬೇಡಿ ಎಂದು ಅಪ್ಪ ಕೂಗುವುದನ್ನು ಕೇಳಿ ಬೆಳೆದವಳು ನಾನು. ಹಾಗಾಗಿ ಚಿಪ್ಪಿನ ಗೆರೆಯನ್ನೇ ಸೊನ್ನೆ ಎಂದಿಟ್ಟುಕೊಂಡು ಅಳೆದೆ, ಹಾಗೆಯೇ ಮಾಡೆಲ್ ಮಾಡಿದೆ. ಮಮತಾಳ ಸ್ಕ್ರಿಪ್ಟಿನಲ್ಲಿ ಸೊನ್ನೆ ಇದ್ದದ್ದು ಕಟ್ಟೆಯ ಮೇಲ್ಮೈಯಲ್ಲಿ. ಎರಡಕ್ಕೂ ಸುಮಾರು ಎರಡು ಮೀಟರ್ ಅಂತರ. ಸ್ಕ್ರಿಪ್ಟ್ ಸೊಂಟವನ್ನು ಬಿಟ್ಟು ಎರಡು ಮೀಟರ್ ಕೆಳಗೆ, ಸದಾ ನೀರಿನಲ್ಲೇ ಮುಳುಗಿರುವ ಬುಡವನ್ನು ಆರಿಸಿತು. ಯಾವ ಎಚ್ಚರಿಕೆಯೂ ಬರಲಿಲ್ಲ. ತುಕ್ಕು ಹಿಡಿದ ಸೊಂಟ ಲೆಕ್ಕದಲ್ಲಿ ಗಟ್ಟಿಯಾಗಿಯೇ ಉಳಿದು ಕಂಬಗಳೆಲ್ಲ ಪಾಸಾದವು.

ವರದಿ ಒಯ್ಯಲು ಸಾಹೇಬರ ಕಡೆಯವರೊಬ್ಬರು ಬಂದು ಕೂತಿದ್ದರು. ಅವರೆದುರೇ ಮಮತಾ ಕೇಳಿದಳು, "ಅಕ್ಕಾ, ಹಳದಿ ನೋಡಿದ್ಯಾ?"

ನಾನೇ ಎತ್ತಿ ಆಡಿಸಿದ ಕೂಸು ಪರರ ಮುಂದೆ ನನಗೆ ಪಾಠ ಒಪ್ಪಿಸು ಎಂದಂತಾಯಿತು. "ನೋಡಿದೆ" ಎಂದೆ. ಅವಳು ಸಹಿ ಹಾಕಿದಳು.

ಮುಂದಿನ ಗುರುವಾರ ಒಂದು ಚಿತ್ರ ಪ್ರಿಂಟ್ ತೆಗೆಯಲು ಆ ಫೈಲ್ ತೆರೆದೆ. ಹಳದಿ ಕಂಬಗಳ ಬುಡದಲ್ಲಿತ್ತು. ಮಮತಾ ಪಕ್ಕದ ಮೇಜಿನಲ್ಲೇ ಫೋನಿನಲ್ಲಿ ನಗುತ್ತ ಮಾತಾಡುತ್ತಿದ್ದಳು. ಈಗ ಹೇಳುತ್ತೇನೆ, ಊಟವಾದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಸಂಜೆಯಾಯಿತು. ಲೆಕ್ಕದಲ್ಲಿ ಹೇಗೂ ಸ್ವಲ್ಪ ಹೆಚ್ಚುವರಿ ಬಲ ಬಿಟ್ಟಿರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಭಾನುವಾರ ಊಟಕ್ಕೆ ಕೂತಾಗ ಮಮತಾ ಅಮ್ಮನಿಗೆ ಹೇಳಿದಳು, "ನಾಳೆ ಬೇಗ ಹೋಗ್ಬೇಕು. ಭಟ್ಕಳದಲ್ಲಿ ಲೋಡ್ ಟೆಸ್ಟ್." ಯಂತ್ರದ ಬದಲು ಅಷ್ಟೇ ಭಾರದ ಮರಳಿನ ಮೂಟೆಗಳನ್ನು ಸ್ವಲ್ಪ ಸ್ವಲ್ಪವಾಗಿ ಕಟ್ಟೆಯ ಮೇಲೆ ಪೇರಿಸಿ, ಅದು ಎಷ್ಟು ಬಗ್ಗುತ್ತದೆ ಎಂದು ಕೆಳಗಿನಿಂದ ಗೇಜ್ ಎಂಬ ಅಳತೆಯ ಸಾಧನದಲ್ಲಿ ನೋಡುವ ಪರೀಕ್ಷೆ ಅದು.

"ಕೆಳಗೆ ಯಾರು ಹೋಗೂದು?" ಎಂದೆ.

"ನಾನೇ. ಅಲ್ಲಿ ಐಸ್ ಒಯ್ಯೂ ನಾಗೇಶಣ್ಣನ ದೋಣಿ ಉಂಟಲ್ಲ. ಎಂತಕ್ಕೆ, ನೀನೂ ಬರ್ತ್ಯಾ?"

"ನಂಗೆಂತಕ್ಕೆ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಬೆಳಿಗ್ಗೆ ಅವಳು ಬಸ್ಸು ಹತ್ತಿದಳು. ನಾನು ಕಚೇರಿಗೆ ಹೋಗಿ ಸ್ಕ್ರಿಪ್ಟಿನ ಎತ್ತರಗಳನ್ನು ತಿದ್ದಿ ಮತ್ತೆ ಓಡಿಸಿದೆ. ಹಳದಿ ಸೊಂಟಕ್ಕೆ ಬಂತು. ಲೆಕ್ಕ ಮುಗಿದಾಗ ಕಡಲ ಕಡೆಯ ಸಾಲಿನ ಕಂಬಗಳೆಲ್ಲ ಕೆಂಪಾಗಿದ್ದವು. ಕೆಂಪು ಎಂದರೆ ತಡೆಯಲಾರದಷ್ಟು ಭಾರ. ತಂಗಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಕೊನೆಗೆ ಸಾಹೇಬರ ನಂಬರ್ ಒತ್ತಿದೆ.

"ಮೇಡಂ ಕೆಳಗೆ ದೋಣಿಯಲ್ಲಿದ್ದಾರೆ. ಅರ್ಧದಷ್ಟು ಮೂಟೆ ಏರಿಸಿ ಆಯ್ತು. ಎಂತ ಆಗ್ಬೇಕಿತ್ತು?" ಎಂದರು.

ಆಗಲೂ ಸತ್ಯ ಹೊರಗೆ ಬರಲಿಲ್ಲ. "ಅಮ್ಮನಿಗೆ ಹುಷಾರಿಲ್ಲ. ಅವಳನ್ನು ಮೇಲೆ ಕರೀರಿ" ಎಂದೆ.

ಕಾದೆ. ಆ ಕಡೆ ಯಾರೋ ಮೂಟೆಗಳನ್ನು ಧಪ್ ಎಂದು ಇಳಿಸುವ ಸದ್ದು ಕೇಳಿಸುತ್ತಿತ್ತು. ಕೊನೆಗೆ ಅವಳ ದನಿ ಬಂತು. "ಅಕ್ಕಾ? ಅಮ್ಮನಿಗೆ ಎಂತ ಆತು?"

ಅವಳು ಮೇಲೆ ಬಂದಿದ್ದಳು. ನನಗೆ ಬೇಕಾದದ್ದು ಅಷ್ಟೇ ಆಗಿತ್ತು. ಅಷ್ಟರಲ್ಲಿ ಅವಳೇ ಹೇಳಿದಳು, "ನಾನು ಈಗ್ಲೇ ಹೊರಟೆ. ಗೇಜ್ ನೋಡೂದನ್ನು ನಾಗೇಶಣ್ಣನಿಗೆ ಹೇಳಿಕೊಟ್ಟಿದ್ದೆ. ಅವನೇ ನೋಡ್ಕೊಳ್ತಾನೆ."

ಕೆಳಗೆ ನಾಗೇಶಣ್ಣ. ಮೇಲೆ ಮೂಟೆ ಹೊರುವವರು.

"ಅಮ್ಮ ಸರಿ ಇದ್ದಾಳೆ. ಹಳದಿ ಬುಡದಲ್ಲಿತ್ತು ಮಮತಾ. ನಾನು ನೋಡಿರ್ಲಿಲ್ಲ. ಎಲ್ಲರನ್ನೂ ಇಳಿಸು."

ಅವಳು ಫೋನ್ ಕತ್ತರಿಸಲಿಲ್ಲ. ಎಲ್ಲರೂ ಕಟ್ಟೆ ಬಿಡಿ, ಎಲ್ಲ ಬಿಟ್ಟು ಹೊರಗೆ ಬನ್ನಿ ಎಂದು ಅವಳು ಕೂಗುತ್ತ ಓಡುವುದು ನನಗೆ ಕೇಳಿಸಿತು. ಆಮೇಲೆ ಬರೀ ಗಾಳಿಯ ಸದ್ದು.

ನಾನು ಭಟ್ಕಳ ಮುಟ್ಟಿದಾಗ ಕಟ್ಟೆ ಖಾಲಿಯಾಗಿತ್ತು. ದಡದ ಕಡೆಯಿಂದ ಮೂಟೆಗಳನ್ನು ಒಂದೊಂದಾಗಿ ಹಗ್ಗ ಕಟ್ಟಿ ಎಳೆಯುತ್ತಿದ್ದರು. ಭಾರ ಇಳಿದ ಮೇಲೆ ಮಮತಾ ಕಡಲ ಕಡೆಯ ಒಂದು ಕಂಬದ ಚಿಪ್ಪು ಕೆರೆದು ಸಣ್ಣ ಸುತ್ತಿಗೆಯಿಂದ ತಟ್ಟಿದಳು. ಮೂರನೇ ಏಟಿಗೆ ಸುತ್ತಿಗೆಯ ಮೊನೆ ಕಂಬದೊಳಗೆ ಇಳಿದು ಹೋಯಿತು. ನಾಗೇಶಣ್ಣ ನನ್ನ ಕಡೆ ತಿರುಗಿ, "ನಿನ್ನ ಅಮ್ಮನಿಗೆ ಹುಷಾರು ತಪ್ಪಿದ್ದು ಒಳ್ಳೇದೇ ಆತು ಮಾರಾಯ್ತಿ" ಎಂದ. ನಗಲಿಲ್ಲ.

ತಪ್ಪು ಯಾರದ್ದು ಎಂದು ಸಾಹೇಬರು ಕೇಳಿದರು. "ಸಹಿ ನನ್ನದು, ತಪ್ಪೂ ನನ್ನದೇ" ಎಂದಳು ಮಮತಾ. ನಾನು ಅಲ್ಲೇ ನಿಂತಿದ್ದೆ. ಅಲ್ಲಿಯೂ ಸುಮ್ಮನಿದ್ದೆ.

ಮುಂದೆ ಆ ಕಂಬಗಳಿಗೆ ಕುಮಟಾದ ವರ್ಕ್‌ಶಾಪಿನಲ್ಲಿ ದಪ್ಪ ಕಬ್ಬಿಣದ ಕವಚ ಮಾಡಿಸಿ ತೊಡಿಸಿದೆವು. ನಮ್ಮ ಲೆಕ್ಕವನ್ನು ಬೇರೊಬ್ಬ ಎಂಜಿನಿಯರ್ ಪರಿಶೀಲಿಸಿದ ಮೇಲೆಯೇ ಯಂತ್ರ ಏರಿತು. ಈಗ ನಮ್ಮಲ್ಲಿ ಯಾರೂ ನೋಡಿದೆ ಎಂದು ಹೇಳುವಂತಿಲ್ಲ. ಹಳದಿ ಎಲ್ಲಿಂದ ಎಲ್ಲಿಯವರೆಗೆ ಇದೆ, ಸೊನ್ನೆ ಎಲ್ಲಿದೆ ಎಂದು ಪರದೆಗೆ ಬೆರಳಿಟ್ಟು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಬೇಕು. ಹೊಸಬರಿಗೆ ಇದನ್ನು ಕಲಿಸುವವಳು ನಾನೇ. ಆರಿಸುವ ಕೆಲಸವನ್ನು ಯಂತ್ರಕ್ಕೆ ಬಿಡಬಹುದು, ಆರಿಸಿದ್ದು ಸರಿಯೇ ಎಂದು ನೋಡುವ ಕೆಲಸವನ್ನು ಬಿಡಲಾಗದು. ತಪ್ಪು ಕಂಡರೆ ಆ ಕ್ಷಣವೇ ಹೇಳಬೇಕು. ಹೇಳದೆ ಕಳೆದ ದಿನಗಳ ಭಾರವೂ ಯಾರದೋ ತಲೆಯ ಮೇಲೆ ಏರುತ್ತಿರುತ್ತದೆ.

ಅಂದು ಸಂಜೆ ಭಟ್ಕಳದಿಂದ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು. ಮುರ್ಡೇಶ್ವರ ದಾಟಿದ ಮೇಲೆ ಕೇಳಿದಳು, "ನಿಂಗೆ ಯಾವಾಗ ಗೊತ್ತಾದ್ದು?"

ಇವತ್ತು ಬೆಳಿಗ್ಗೆ ಎಂದಿದ್ದರೆ ಅವಳು ನಂಬುತ್ತಿದ್ದಳು.

"ಗುರುವಾರ" ಎಂದೆ.

"ನಿನ್ನೆ ಊಟಕ್ಕೆ ಕೂತಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

ಅವಳ ಕೈಗೆ ಚಿಪ್ಪು ಗೀರಿದ ಗಾಯಗಳಿದ್ದವು. ಅದನ್ನೇ ನೋಡುತ್ತ ಕೂತಳು. ನಮ್ಮ ಮನೆಯಲ್ಲಿ ಹಿರಿಯರು ಕಿರಿಯರ ಹತ್ತಿರ ತಪ್ಪಾಯಿತು ಎನ್ನುವುದಿಲ್ಲ. ಅಪ್ಪ ಯಾರಿಗಾದರೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಮಂಕಿ ಬಂತು, ಬಸ್ಸು ನಿಂತಿತು. ಅವಳು ಎದ್ದಳು. ನಾನು ಏಳದೆ ದಾರಿಗೆ ಅಡ್ಡವಾಗಿ ಕೂತೇ ಇದ್ದೆ. ಇಳಿಯುವವರಿದ್ದರೆ ಬೇಗ ಇಳಿಯಿರಿ ಎಂದು ಕಂಡಕ್ಟರ್ ಗದರಿದ. ಮುಂದಿನ ಸೀಟಿನವರು ತಿರುಗಿ ನೋಡಿದರು. ಅವರಿಗೂ ಕೇಳಿಸುವಷ್ಟು ಜೋರಾಗಿ ಹೇಳಿದೆ:

"ಮಮತಾ, ನಂದು ತಪ್ಪಾತು. ನೋಡದೇ ನೋಡಿದೆ ಅಂದೆ. ಗೊತ್ತಾದ ಮೇಲೂ ನಿನ್ನ ಅದರ ಕೆಳಗೆ ಹೋಗೂಕೆ ಬಿಟ್ಟೆ. ನನ್ನ ಕ್ಷಮಿಸು."