ರವೆ ಹುರಿಯದ ಹಿಂದಿ ದಿನ

ಸೆಪ್ಟೆಂಬರ್ ಹದಿಮೂರರ ಸಂಜೆ ಕರಿಬಸಮ್ಮನ ಮನೆಯಿಂದ ರವೆ ಹುರಿಯುವ ಘಮ ಬರಲೇಬೇಕು. ಹೊನ್ನಾಳಿಯ ಆ ಕೇರಿಯವರಿಗೆ ಅದು ಹಬ್ಬದಷ್ಟೇ ರೂಢಿಯಾಗಿತ್ತು. ನ್ಯಾಮತಿ ಕಡೆಯ ಒಂದು ಹೈಸ್ಕೂಲಿನಲ್ಲಿ ಅವಳು ಹಿಂದಿ ಟೀಚರು. ಮರುದಿನದ ಹಿಂದಿ ದಿನಾಚರಣೆಗೆ ಉಪ್ಪಿಟ್ಟು ಅವಳದು, ಭಾಷಣ ಡ್ರಿಲ್ ಮೇಷ್ಟ್ರು ಷಣ್ಮುಖಪ್ಪನದು. ಅವನ ಗಂಟಲು ದೊಡ್ಡದು ಅನ್ನುವುದೊಂದೇ ಕಾರಣ. ಆ ಭಾಷಣವನ್ನು ಅವಳು ಒಂದು ವರ್ಷವೂ ಕೇಳಿರಲಿಲ್ಲ. ಶಾಲೆಯ ಹಿಂದಿನ ಕೊಠಡಿಯಲ್ಲಿ ಸೀಮೆಎಣ್ಣೆ ಸ್ಟೌವಿನ ಭರಾಟೆಯ ನಡುವೆ ಚಪ್ಪಾಳೆಯಷ್ಟೇ ಕೇಳಿಸುತ್ತಿತ್ತು.

೧೯೮೩ರಲ್ಲಿ ಘಮ ಬರಲಿಲ್ಲ. ಅತ್ತೆ ಅಜ್ಜಮ್ಮ ಅಡುಗೆಮನೆಗೆ ಇಣುಕಿದಳು.

"ರವೆ ಹುರಿಯಲ್ವೇನೆ ಈ ಸಲ?"

"ಇಲ್ಲತ್ತೆ. ಹಸಿ ರವೆ ಒಯ್ತೀನಿ. ಗಂಡಸ್ರು ಹುರ್ಕಳ್ಲಿ. ನಾನು ಭಾಷಣ ಮಾಡ್ತೀನಿ."

"ಗಂಡಸ್ರು! ನಿಮ್ಮ ಮಾವ ಸಾಯೋತನಕ ಉಪ್ಪಿನ ಡಬ್ಬಿ ಎಲ್ಲೈತೆ ಅಂತ ಕೇಳ್ತಿದ್ದ." ಅಜ್ಜಮ್ಮ ಬಾಯಿಗೆ ಸೆರಗಿಟ್ಟು ನಕ್ಕಳು. ಆಮೇಲೆ, "ನಾನೂ ಬರ್ತೀನಿ ತಡಿ, ನೋಡಾಕೆ" ಅಂದಳು.

ಜಗಳೂರಿನಿಂದ ಮದುವೆಯಾಗಿ ಬಂದಾಗ ಕರಿಬಸಮ್ಮನದು ಎಸ್ಸೆಸ್ಸೆಲ್ಸಿ ಮುಗಿದಿತ್ತು, ಅಷ್ಟೆ. ಊರಿನ ಹೆಂಗಸರಿಗೆಂದು ಮಧ್ಯಾಹ್ನ ಪುಕ್ಕಟೆ ಹಿಂದಿ ಪಾಠ ನಡೆಯುತ್ತಿತ್ತು. ಪಾತ್ರೆ ತೊಳೆದು ಓಡುತ್ತಿದ್ದಳು. ಮನೆಯಲ್ಲಿ ಅವಳು ಕೂತಿರುತ್ತಿದ್ದದ್ದು ರುಬ್ಬುವ ಕಲ್ಲಿನ ಮುಂದೆ ಮಾತ್ರ. ಅದಕ್ಕೇ ಪುಸ್ತಕದ ಹಾಳೆಯನ್ನು ಕಲ್ಲಿನ ಎದುರಿನ ಗೋಡೆಗೆ ಅಂಟಿಸಿಕೊಂಡಳು. ಬಲಗೈ ಗುಂಡು ತಿರುಗಿಸುತ್ತಿತ್ತು, ಎಡಗೈ ಹಿಟ್ಟು ತಳ್ಳುತ್ತಿತ್ತು, ಕಣ್ಣು ಗೋಡೆಯ ಮೇಲೆ. ಹಾಳೆಗೆ ಹಿಟ್ಟು ಸಿಡಿದು ಅಕ್ಷರ ಮುಚ್ಚುವ ಹೊತ್ತಿಗೆ ಪಾಠ ಬಾಯಿಗೆ ಬಂದಿರುತ್ತಿತ್ತು. ಹೀಗೆ ಒಂದೊಂದೇ ಪರೀಕ್ಷೆ ಮುಗಿಸಿ ಕೆಲಸ ಹಿಡಿದಿದ್ದಳು. ಅಂಥವಳಿಗೆ ಹಿಂದಿ ದಿನದಂದು ಸೌಟು.

ಬೆಳಿಗ್ಗೆ ಅತ್ತೆಯನ್ನು ಸಭೆಯ ಕಡೆ ಕಳಿಸಿ, ಸ್ಟಾಫ್ ರೂಮಿನ ಮೇಜಿನ ಮೇಲೆ ರವೆ ಚೀಲ, ಈರುಳ್ಳಿ, ಹಸಿಮೆಣಸಿನಕಾಯಿ ಸುರಿದಳು. ಹೆಡ್‌ಮಾಸ್ಟರು ತಿಪ್ಪೇರುದ್ರಸ್ವಾಮಿ ಗಾಬರಿಯಾದರು.

"ಅಕ್ಕೋರೆ, ಹನ್ನೊಂದಕ್ಕೆ ಶಿಕ್ಷಣ ಇಲಾಖೆ ಸಾಹೇಬ್ರು ಬರ್ತಾರೆ. ಇನ್ನೂ ರವೆನೇ ಹುರಿದಿಲ್ಲ!"

"ಹುರೀರಿ ಸಾರ್. ಸ್ಟೌ ಅಲ್ಲೈತೆ. ಈ ಸಲ ಭಾಷಣ ನಂದು."

"ಉಪ್ಪಿಟ್ಟು ಯಾರ್ ಮಾಡ್ತಾರ್ರೀ?"

"ತಿನ್ನೋರು."

"ಸಾಹೇಬ್ರ ಮುಂದೆ ಮಾನ ಕಳೀಬ್ಯಾಡ್ರಿ. ಮೇಲಕ್ಕೆ ಬರೀಬೇಕಾಗ್ತೈತೆ."

ಕರಿಬಸಮ್ಮನ ಸಂಬಳದಲ್ಲೇ ಮಕ್ಕಳ ಓದು ನಡೆಯುತ್ತಿತ್ತು. ಆದರೂ ಅವಳು ಕುರ್ಚಿ ಎಳೆದು ಕೂತಳು. "ಬರೀರಿ ಸಾರ್. ಹಿಂದಿ ಟೀಚರು ಹಿಂದಿ ದಿನ ಭಾಷಣ ಮಾಡ್ತೀನಿ ಅಂದ್ಲು, ಇದು ಅಪರಾಧ ಅಂತ ಬರೀರಿ."

ಮೂಲೆಯಲ್ಲಿದ್ದ ಷಣ್ಮುಖಪ್ಪ ಎದ್ದು ಬಂದು ಶರಟಿನ ತೋಳು ಮಡಚತೊಡಗಿದ.

"ಭಾಷಣಕ್ಕಿಂತ ಉಪ್ಪಿಟ್ಟೇ ವಾಸಿ ಸಾರ್. ಹೋದ ವರ್ಷ ಸಾಹೇಬ್ರು ಹಿಂದೀಲಿ ಅದೇನೋ ಕೇಳಿದ್ರು. ಎಲ್ಲದಕ್ಕೂ 'ಜೀ ಹಾಂ' ಅಂದೆ. ಇವತ್ತಿಗೂ ನೆನಸ್ಕೊಂಡ್ರೆ ಬೆವರು ಬರ್ತೈತೆ. ಅಕ್ಕೋರೆ, ಈರುಳ್ಳಿ ಉದ್ದಕ್ಕೋ ಅಡ್ಡಕ್ಕೋ?"

"ಕಣ್ಣೀರು ಎರಡರಲ್ಲೂ ಒಂದೇ, ಹೆಚ್ಚಿರಿ" ಎಂದು ಕರಿಬಸಮ್ಮ ಎದ್ದಳು. ಹೆಡ್‌ಮಾಸ್ಟರು ಗಡಿಯಾರ ನೋಡಿದರು, ರವೆ ನೋಡಿದರು, ಕೊನೆಗೆ ಬಾಣಲೆ ಎತ್ತಿಕೊಂಡರು.

ವೇದಿಕೆಯ ಮೇಲೆ ಅವಳು ಮೊದಲು ಹಿಂದಿಯಲ್ಲಿ ಮಾತಾಡಿದಳು, ಆಮೇಲೆ ಕನ್ನಡದಲ್ಲಿ. "೧೯೪೯ರಲ್ಲಿ ಇದೇ ದಿನ ಸಂವಿಧಾನ ಸಭೆ ದೇವನಾಗರಿ ಲಿಪಿಯ ಹಿಂದಿಯನ್ನು ಕೇಂದ್ರದ ಆಡಳಿತ ಭಾಷೆಯಾಗಿ ಒಪ್ಪಿಕೊಂಡಿತು. ಆ ನೆನಪಿಗೆ ಈ ಆಚರಣೆ. ಹಾಗಂತ ನಮ್ಮ ಕನ್ನಡ ಚಿಕ್ಕದಲ್ಲ. ಕನ್ನಡ ನನಗೆ ಮನೆ. ಹಿಂದಿ ಆ ಮನೆಯಿಂದ ಹೊರಗೆ ಕಾಲಿಡಲು ನನಗೆ ಸಿಕ್ಕ ಬಾಗಿಲು." ನಂತರ ರುಬ್ಬುವ ಕಲ್ಲಿನ ಮುಂದಿನ ಹಾಳೆಯ ಕಥೆ ಹೇಳಿದಳು. ಮುಂದಿನ ಸಾಲಿನ ಹುಡುಗಿಯರು ಪಿಸುಗುಡುವುದನ್ನೇ ಬಿಟ್ಟರು.

"ಜೋರಾಗಿ ಹೇಳೇ, ಹಿಂದೆ ಕೇಳಸಲ್ಲ!" ಅಜ್ಜಮ್ಮ ಕೊನೆಯ ಬೆಂಚಿನಿಂದ ಕೂಗಿದಳು.

ಕರಿಬಸಮ್ಮ ಜೋರಾಗಿಯೇ ಹೇಳಿದಳು. ಚಪ್ಪಾಳೆ ಬಿದ್ದಾಗ ಅವಳ ಕಿವಿಗೆ ಸ್ಟೌವಿನ ಸದ್ದು ಅಡ್ಡ ಬರಲಿಲ್ಲ.

ಉಪ್ಪಿಟ್ಟು ಗಂಟುಗಂಟಾಗಿತ್ತು. ಸಾಹೇಬರು ಒಂದು ಗಂಟನ್ನು ಕಷ್ಟಪಟ್ಟು ನುಂಗಿ, ಮುಂದಿನ ವರ್ಷವೂ ಭಾಷಣ ಈ ಮೇಡಂ ಅವರದೇ ಇರಲಿ ಎಂದರು. ಅಜ್ಜಮ್ಮ ಇನ್ನೊಂದು ತಟ್ಟೆ ಹಾಕಿಸಿಕೊಂಡಳು. "ಗಂಡಸ್ರು ಮಾಡಿದ್ದು, ಇನ್ನೊಂದ್ಸಲ ಎಲ್ಲಿ ಸಿಗ್ತೈತೋ!"

ಸಿಕ್ಕಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಕರಿಬಸಮ್ಮ ಶಾಲೆಯ ಗೇಟು ದಾಟುವಾಗಲೇ ರವೆ ಹುರಿಯುವ ಘಮ ಎದುರಾಯಿತು. ಷಣ್ಮುಖಪ್ಪ ಕಿಟಕಿಯಿಂದ ಸೌಟು ತೋರಿಸಿ, "ಹದವಾಗೈತೇನ್ರೀ ಅಕ್ಕೋರೆ?" ಎಂದು ಕೂಗಿದ.

"ಕೈ ಬಿಡಬ್ಯಾಡ್ರಿ, ತಿರುಗಿಸ್ತಾ ಇರ್ರಿ" ಎಂದು ಅವಳು ಸೀದಾ ವೇದಿಕೆಯತ್ತ ನಡೆದಳು.