ಮಾವನ ಬಾಣಕ್ಕೆ ತಕ್ಕ ಬತ್ತಳಿಕೆ

ಹೆಂಡತಿಯನ್ನು ಆರಿಸಿಕೊಳ್ಳುವಾಗ ದಾಬೆ ಅಷ್ಟೇನೂ ತಲೆ ಕೆಡಿಸಿಕೊಂಡಿರಲಿಲ್ಲ. ಬತ್ತಳಿಕೆ ಆರಿಸಲು ಮಾತ್ರ ಒಂದಿಡೀ ಚಳಿಗಾಲ ತೆಗೆದುಕೊಂಡ. ನಮ್ಮೂರು ತಾಮ್ಸಾದಲ್ಲಿ ಈ ಮಾತನ್ನು ಜನ ಅವನ ಬೆನ್ನ ಹಿಂದೆ ಆಡುವುದಿಲ್ಲ, ಮುಖದ ಮೇಲೇ ಆಡುತ್ತಾರೆ. ಅವನೂ ಎಲ್ಲರ ಜೊತೆ ನಗುತ್ತಾನೆ. ಈಗ ನಗುತ್ತಾನೆ ಅನ್ನಿ. ಆಗ ಅವನ ಮುಖ ನೋಡಬೇಕಿತ್ತು.

ಅವನು ಹುಟ್ಟಿದ್ದು ತಾಮ್ಸಾದಲ್ಲಿ ಅಲ್ಲ. ಉಂಕಾಳ ಕೈ ಹಿಡಿದು, ಕಲಹರಿ ಮರಳುಗಾಡಿನ ನಮ್ಮ ಕಡೆಯ ಪದ್ಧತಿಯಂತೆ ಅತ್ತೆ ಮಾವನಿಗೆ ಬೇಟೆಯಾಡಿ ಹಾಕಲು ಬಂದ ಅಳಿಯ. ಮೊದಲ ಮಗು ಓಡಾಡುವ ತನಕ ಇದ್ದು ಹೋಗುತ್ತೇನೆ ಅಂದಿದ್ದ. ಆ ಮಗುವಿಗೆ ಮೀಸೆ ಮೂಡಿ, ಅವನೂ ಹೆಣ್ಣು ಕೊಟ್ಟವರಿಗೆ ಬೇಟೆಯಾಡಲು ಬೇರೆ ಊರಿಗೆ ಹೋದ. ದಾಬೆ ಇಲ್ಲೇ ಉಳಿದ. ಮಾತು ಕಡಿಮೆ, ಚಿಂತೆ ಜಾಸ್ತಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಆಸಾಮಿ. ಬೇಟೆಗಾರರಲ್ಲಿ ಮೊದಲನೆಯವನೂ ಅಲ್ಲ, ಕಡೆಯವನೂ ಅಲ್ಲ. ಆದರೆ ತಂದ ಮಾಂಸದಲ್ಲಿ ಮಾವ ಸಾಮ್ಕೋನ ಪಾಲನ್ನು ಯಾವತ್ತೂ ತಪ್ಪಿಸಿದವನಲ್ಲ. ಅತ್ತೆ ತೀರಿಹೋದ ಮೇಲಂತೂ ಮುದುಕನಿಗೆ ಮೆತ್ತಗಿನ ತುಂಡೇ ಹೋಗುವಂತೆ ನೋಡಿಕೊಳ್ಳುತ್ತಿದ್ದ.

ಇಷ್ಟಾದರೂ ಇಬ್ಬರೂ ಒಮ್ಮೆಯೂ ಎದುರುಬದುರು ಕೂತು ಮಾತಾಡಿದ್ದಿಲ್ಲ. ಜಗಳವೇನಲ್ಲ, ಮರ್ಯಾದೆ. ಅಳಿಯ ಮಾವನ ಜೊತೆ ನೇರವಾಗಿ ಮಾತಾಡುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ತಮಾಷೆ ಮಾಡುವುದು ನಮ್ಮಲ್ಲಿಲ್ಲ. ಹೇಳುವುದಿದ್ದರೆ ನಡುವೆ ಒಬ್ಬರು ಬೇಕು.

ದಾಬೆಯ ಹಳೆಯ ಬತ್ತಳಿಕೆ ಅವನಪ್ಪ ಮಾಡಿಕೊಟ್ಟದ್ದು, ಜಾಲಿ ಬೇರಿನ ತೊಗಟೆಯದು. ಆ ಚಳಿಗಾಲದ ಮೊದಲಿಗೆ ಗೆದ್ದಲು ಅದರ ತಳ ಹಿಡಿಯಿತು. ಒಂದು ದಿನ ಬೇಟೆಯಿಂದ ಬರುವಾಗ ಬೆನ್ನ ಮೇಲೆ ಏನೋ ಹಗುರವೆನಿಸಿ ನೋಡಿದರೆ, ತಳ ಬಿರಿದು ಒಂದು ಬಾಣ ದಾರಿಯಲ್ಲೆಲ್ಲೋ ಜಾರಿಹೋಗಿತ್ತು. ನಮ್ಮ ಬಾಣದ ವಿಷ ಜೀರುಂಡೆ ಹುಳುವಿನದು. ಕುಡುವಿನಂಥ ದೊಡ್ಡ ಜಿಂಕೆಯನ್ನೇ ಮಲಗಿಸುತ್ತದೆ. ತುಳಿದವರ ಗತಿ ಕೇಳಬೇಡಿ. ದಾಬೆ ಜೀವ ಕೈಯಲ್ಲಿ ಹಿಡಿದುಕೊಂಡು ತನ್ನ ಹೆಜ್ಜೆಯನ್ನೇ ತಾನು ಹಿಡಿದು ಹಿಂದಕ್ಕೆ ನಡೆದ. ಬಾಣ ಸಿಕ್ಕಿತು. ಇನ್ನು ಈ ಬತ್ತಳಿಕೆ ಸಾಕು ಎಂದು ಅವತ್ತೇ ತೀರ್ಮಾನಿಸಿದ.

ಮುಂದೆ ಯಾವುದು? ಊರಲ್ಲಿ ಎಷ್ಟು ಬಾಯಿಯೋ ಅಷ್ಟು ಸಲಹೆ. ಚರ್ಮದ ಚೀಲ ಹೊಲಿಸಿಕೋ, ಸದ್ದು ಮಾಡುವುದಿಲ್ಲ ಅಂದರು ಕೆಲವರು. ಬಾಣದ ಮೊನೆ ಅದನ್ನು ತೂರಿ ಬೆನ್ನಿಗೇ ಬರುತ್ತದೆ ಅಂದರು ಇನ್ನು ಕೆಲವರು. ಬೇರಿನದೇ ಸರಿ, ಆದರೆ ನೆಟ್ಟಗಿನ ಬೇರು ಹುಡುಕಿ ಅಗೆಯುವಷ್ಟರಲ್ಲಿ ಸೊಂಟ ಹೋಗುತ್ತದೆ. ಅಷ್ಟರಲ್ಲಿ ಗೆಳೆಯ ಉಯಿ ಬೂದು ಬಣ್ಣದ ಪೈಪಿನ ತುಂಡೊಂದನ್ನು ತಂದು ಅವನ ಮುಂದೆ ನೆಟ್ಟ. ಆನೆಗಳು ಮುರಿದುಹಾಕಿದ ನೀರಿನ ಪಂಪನ್ನು ರಿಪೇರಿ ಮಾಡಿದವರು ಬಿಟ್ಟುಹೋದದ್ದು.

"ಇನ್ನೂ ಬೇರು ಅಗೀತಾ ಕೂತ್ಕೋತೀಯೇನೋ? ಇದ್ನ ನೋಡು. ಗೆದ್ದಲು ಇದ್ನ ಕಚ್ಚಿದ್ರೆ ಗೆದ್ದಲಿನ ಹಲ್ಲೇ ಮುರಿಯುತ್ತೆ."

ಉಂಕಾ ದೂರದಿಂದಲೇ ನೋಡಿ, "ನೋಡೋಕೆ ನೀರಿನ ಪೈಪ್ ಥರಾನೇ ಇದೆ" ಅಂದಳು.

"ನೀರಿನ ಪೈಪೇ ಕಣಮ್ಮ ಅದು!"

ಹಗುರ, ಬಿರಿಯುವುದಿಲ್ಲ, ಮಳೆಗೆ ನೆನೆಯುವುದಿಲ್ಲ. ದಾಬೆ ಎರಡೂ ಬದಿಗೆ ಹಸಿ ಚರ್ಮದ ಮುಚ್ಚಳ ಕಟ್ಟಿ ಒಣಗಿಸಿದ, ಭುಜಕ್ಕೆ ಪಟ್ಟಿ ಹಾಕಿದ, ಒಂದೊಂದೇ ಬಾಣ ಇಳಿಸಿದ. ಎಲ್ಲ ಹಿಡಿಸಿದವು, ಒಂದು ಬಿಟ್ಟು. ಆ ಒಂದು ಮಾವನದು.

ಸಾಮ್ಕೋ ಬಾಣವನ್ನು ಹಳೆಯ ಕಾಲದ ಹಾಗೆ ಉದ್ದವಾಗಿ ಮಾಡುತ್ತಿದ್ದ. ಕಾಲು ಸೋತು ಬೇಟೆ ಬಿಟ್ಟ ಮೇಲೆ ಒಂದೇ ಒಂದು ಬಾಣ ಮಾಡಿ ಮಗಳ ಗಂಡನಿಗೆ ಕಳಿಸಿದ್ದ. ನಮ್ಮಲ್ಲಿ ಬೇಟೆ ಸೇರುವುದು ಬಾಣ ಬಿಟ್ಟವರಿಗಲ್ಲ, ಅದನ್ನು ಮಾಡಿಕೊಟ್ಟವರಿಗೆ. ಮಾಂಸ ಹಂಚುವ ಹಕ್ಕು ಅವರದು. ನಡೆಯಲಾಗದವನೂ ಹಾಗೆ ಬೇಟೆಗೆ ಹೋದಂತೆ. ದಾಬೆಯ ಬೆನ್ನ ಮೇಲೆ ಸಾಮ್ಕೋ ವರ್ಷಗಟ್ಟಲೆ ಕಾಡು ತಿರುಗಿದ್ದ. ಈಗ ಪೈಪು ಗಿಡ್ಡವಾಗಿ ಆ ಬಾಣ ಮುಚ್ಚಳಕ್ಕೆ ತಾಗುತ್ತಿತ್ತು. ನಾಲ್ಕು ದಿನ ಇಲ್ಲಿರಲಿ, ಆಮೇಲೆ ನೋಡೋಣ ಎಂದು ದಾಬೆ ಹಳೆಯ ಬತ್ತಳಿಕೆಯ ಬಿರಿದ ತಳವನ್ನು ಬಿಗಿದು ಕಟ್ಟಿ, ಅದನ್ನು ಅಲ್ಲೇ ಬಿಟ್ಟು, ಬತ್ತಳಿಕೆಯನ್ನು ಗುಡಿಸಲ ಮುಂದಿನ ಮರಕ್ಕೆ ನೇತುಹಾಕಿ, ಪೈಪು ಹೊತ್ತು ಬೇಟೆಗೆ ಹೋದ.

ಪೈಪಿನ ಗುಣ ಕಾಡಲ್ಲಿ ಗೊತ್ತಾಯಿತು. ಹೆಜ್ಜೆಗೊಮ್ಮೆ ಒಳಗೆ ಬಾಣಗಳು ಲಟಲಟ ಅನ್ನುತ್ತಿದ್ದವು. ಹುಲ್ಲಲ್ಲಿ ನಿಂತಿದ್ದ ಕುಡು ಕಿವಿ ನಿಮಿರಿಸಿ, ಇದ್ಯಾರಪ್ಪ ಇಷ್ಟು ಧೈರ್ಯವಾಗಿ ಬರುತ್ತಿರುವವನು ಎನ್ನುವಂತೆ ನೋಡಿ, ಹೊರಟುಹೋಯಿತು. ಬಿಲದಿಂದೆಬ್ಬಿಸಿದ ಒಂದು ಮುಳ್ಳುಹಂದಿಯನ್ನು ಭರ್ಜಿಯಿಂದ ಕೊಂದು ದಾಬೆ ಮನೆಗೆ ಬಂದ. ಕೊಬ್ಬು ತುಂಬಿದ ಮುಳ್ಳುಹಂದಿ. ಬೇಡ ಅನ್ನುವ ನಾಲಿಗೆ ತಾಮ್ಸಾದಲ್ಲಿ ಹುಟ್ಟಿಲ್ಲ. ಸುಟ್ಟು, ಮಾವನ ಪಾಲನ್ನು ಉಂಕಾಳ ಕೈಯಲ್ಲಿ ಕಳಿಸಿದ.

ಉಂಕಾ ತಟ್ಟೆಯನ್ನು ಹಾಗೇ ವಾಪಸ್ ತಂದಳು.

"ಅಪ್ಪ ಬೇಡ ಅಂದ."

"ಬೇಡ ಅಂದ್ರೆ? ಏನಂದ?"

"ಏನೂ ಅನ್ಲಿಲ್ಲ. ಕೈ ಆಡಿಸ್ದ. ಚಳಿ ಅಂತ ಕಂಬಳಿನ ತಲೆಮೇಲಿಂದ ಹೊದ್ಕೊಂಡು ಆ ಕಡೆ ತಿರುಗಿ ಕೂತಿದ್ದಾನೆ. ನಾನ್ ಇಣುಕಿದ್ರೆ ಇನ್ನೂ ಆ ಕಡೆ ತಿರುಗ್ತಾನೆ." ಆಮೇಲೆ ಅವಳು ಮರದತ್ತ ನೋಡಿ, "ದಾಬೆ, ಅಲ್ಲಿ ನೇತಾಡ್ತಿರೋದು ಅಪ್ಪನ ಬಾಣ ಅಲ್ವಾ?" ಅಂದಳು.

ದಾಬೆ ಮರದತ್ತ ತಿರುಗಿದ. ಬಾಯಿ ಮುಚ್ಚಿದ ಬತ್ತಳಿಕೆಯಲ್ಲ ಅದು. ತೆರೆದ ಬಾಯಿಂದ ಬಾಣದ ಹಿಂಬದಿ ಇಣುಕುತ್ತಿತ್ತು, ಮಾವನ ಸುಟ್ಟ ಗೆರೆಯ ಗುರುತು ಸಮೇತ. ಬಂದವರಿಗೆಲ್ಲ ಕಾಣುವ ಹಾಗೆ, ಇನ್ನು ನಿನ್ನ ಪಾಲು ಬೇಡ ಎಂದು ಸಾರಿದ ಹಾಗೆ.

ಮರುದಿನವೂ ಮಾವ ಬೆಂಕಿಯ ಬಳಿ ಬರಲಿಲ್ಲ. ಮಾಂಸದ ಪಾಲು ಮತ್ತೆ ಹೋಗಿ ಮತ್ತೆ ಬಂತು. ಅಳಿಯನ ಮಾಂಸವನ್ನು ಮಾವ ತಿರುಗಿಸಿದ ಅಂದರೆ ನಮ್ಮಲ್ಲಿ ಸಣ್ಣ ಮಾತಲ್ಲ; ಅಂಥ ಮನೆಗಳಲ್ಲಿ ಮಗಳು ಗಂಟು ಕಟ್ಟಿಕೊಂಡು ಅಪ್ಪನ ಗುಡಿಸಲಿಗೆ ಹೋದದ್ದುಂಟು. ಅಳಿಯ ಅಲ್ಲ, ಮಗಳ ಗಂಡ ಎಂದು ಮಾತು ಸುತ್ತಿ ಹೇಳಿ ತೇಪೆ ಹಚ್ಚುವ ಸಂಗತಿಯಲ್ಲ ಅದು. ಹೋಗಿ ಕಾಲು ಹಿಡಿಯೋಣವೆಂದರೆ ಹತ್ತಿರ ಹೋಗುವಂತಿಲ್ಲ, ತಪ್ಪಾಯಿತು ಅನ್ನೋಣವೆಂದರೆ ಮಾತಾಡುವಂತಿಲ್ಲ. ಉಂಕಾಳನ್ನು ಕೇಳಿದರೆ, "ನೀನ್ ಮಾಡಿದ್ದು, ನೀನೇ ಸರಿ ಮಾಡು" ಅಂದುಬಿಟ್ಟಳು. ದಾಬೆಗೆ ಅನ್ನ ನೀರು ಸೇರಲಿಲ್ಲ.

ಕಡೆಗೆ ಅವನಿಗೆ ಗೊತ್ತಿದ್ದ ಒಂದೇ ದಾರಿ ಹಿಡಿದ. ಮಾವನ ಬಾಣವನ್ನು ಜೋಪಾನವಾಗಿ ಎತ್ತಿ, ಅದರ ಉದ್ದವನ್ನು ಅಗೆಯುವ ಕೋಲಿನ ಮೇಲೆ ಗುರುತು ಮಾಡಿಕೊಂಡು, ಬಾಣವನ್ನು ಇದ್ದ ಜಾಗಕ್ಕೇ ಇಟ್ಟ. ಒಮ್ಮೆ ಬಿಟ್ಟುಹೋದದ್ದನ್ನು ಮಾವನೇ ಮತ್ತೆ ಕೊಡದೆ ತೆಗೆದುಕೊಳ್ಳುವ ಮುಖ ತನಗಿಲ್ಲ ಅನಿಸಿತು. ಆಮೇಲೆ ಜಾಲಿ ಮರಗಳ ಕಡೆ ಹೋಗಿ ಬೇರು ಅಗೆಯಲು ಕೂತ.

ಮೊದಲ ಬೇರು ದಪ್ಪಕ್ಕೆ ಸರಿಯಿತ್ತು, ನಡುವೆ ಸೊಟ್ಟ. ಇನ್ನೊಂದು ನೆಟ್ಟಗಿತ್ತು; ಬಿಸಿ ಬೂದಿಯಲ್ಲಿ ಹೂತು ಬೇಯಿಸುವಾಗ ಆತುರಕ್ಕೆ ಬಿದ್ದು ಬೇಗ ತೆಗೆದು ತಿರುಚಿದ, ತೊಗಟೆ ಉದ್ದಕ್ಕೂ ಸೀಳಿತು. ಉಯಿ ಬಂದು ನೋಡಿ, "ಮಾವನಿಗೆ ಬತ್ತಳಿಕೆ ಮಾಡ್ತಿದ್ದೀಯೋ, ಮಾವನ್ನೇ ಮಲಗಿಸೋಕೆ ಗುಂಡಿ ತೋಡ್ತಿದ್ದೀಯೋ?" ಅಂದ. ದಾಬೆ ಅಗೆಯುತ್ತಲೇ ಇದ್ದ. ಆಮೇಲೆ ಸಿಕ್ಕ ಬೇರನ್ನು ಬೂದಿಯಲ್ಲಿ ತಾಳ್ಮೆಯಿಂದ ಹೊರಳಿಸಿ, ಸುತ್ತಲೂ ಮೆಲ್ಲಗೆ ಬಡಿದು, ಎರಡು ಕೈಯಲ್ಲಿ ಹಿಡಿದು ತಿರುಗಿಸಿದಾಗ ಒಳಗಿನ ಕಟ್ಟಿಗೆ ಸರ್ರನೆ ಜಾರಿ ಹೊರಗೆ ಬಂತು. ತೊಗಟೆ ಎಲ್ಲೂ ಬಿರಿಯದೆ ಕೊಳವೆಯಾಗಿ ಕೈಯಲ್ಲುಳಿಯಿತು. ತಳಕ್ಕೆ ಹಸಿ ಚರ್ಮ, ಬಾಯಿಗೆ ಬಿಗಿಯಾದ ಮುಚ್ಚಳ, ಬಿರಿಯದಂತೆ ಸುತ್ತ ನರದ ದಾರ. ಒಣಗಿದ ಮೇಲೆ ಬೆರಳಲ್ಲಿ ತಟ್ಟಿದರೆ ಮೆತ್ತನೆಯ ಸದ್ದು, ಅಷ್ಟೇ. ಅದನ್ನು ಹಳೆಯದರ ಪಕ್ಕದಲ್ಲೇ, ಮಾವ ಇತ್ತ ತಿರುಗಿದರೆ ಕಾಣುವ ಕೊಂಬೆಗೆ ನೇತುಹಾಕಿದ.

ಮಾವ ಇತ್ತ ತಿರುಗಲೇ ಇಲ್ಲ.

ಆಗ ಬಂದವಳು ಕೋಕಾ. ಈ ಮುದುಕಿಯ ಸತ್ತ ಗಂಡನ ಹೆಸರೂ ದಾಬೆ. ಒಂದೇ ಹೆಸರಿನವರನ್ನು ನಮ್ಮಲ್ಲಿ ಒಬ್ಬರೇ ಎಂದು ಎಣಿಸುತ್ತಾರೆ. ಹಾಗಾಗಿ ಅವಳಿಗೆ ಈ ದಾಬೆಯೂ ಗಂಡನೇ, ಎಷ್ಟು ಬೇಕಾದರೂ ರೇಗಿಸಬಹುದು.

"ಏನ್ ಗಂಡ, ಮುಖ ಒಣಗಿದ ಮೊಂಗೊಂಗೊ ಕಾಯಿ ಥರ ಆಗಿದೆ? ಆ ಚಿಕ್ಕ ಹೆಂಡ್ತಿ ಊಟ ಹಾಕ್ತಿಲ್ವಾ?"

ದಾಬೆ ಎಲ್ಲ ಹೇಳಿಕೊಂಡ. "ನೀನು ಹೋಗಿ ಒಂದ್ ಮಾತು ಕೇಳು ಮುದುಕಿ. ಬೈದ್ರೂ ಬೈಯ್ಲಿ. ಹಿಂಗೆ ಸುಮ್ನಿದ್ರೆ ನಂಗೆ ಆಗಲ್ಲ."

"ಅಷ್ಟೇನಾ? ನನ್ನ ಗಂಡನ ಮೇಲೆ ಮುನಿಸ್ಕೊಳ್ಳೋಕೆ ಅವನ್ಯಾರು?" ಎಂದು ಕೋಕಾ ಕೋಲೂರಿಕೊಂಡು ಸಾಮ್ಕೋನ ಗುಡಿಸಲಿಗೆ ನಡೆದಳು. ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಲೇ ಹೋದಳು. ದಾಬೆ ಮರ್ಯಾದೆಗೆ ಬೆನ್ನು ತಿರುಗಿಸಿ ಕೂತು, ಕಿವಿಯನ್ನು ಮಾತ್ರ ಅತ್ತ ಬಿಟ್ಟಿದ್ದ. ಮೊದಲು ಅವಳ ಬೈಗುಳ ಕೇಳಿಸಿತು. ಆಮೇಲೆ ಕಂಬಳಿ ಎಳೆದಾಡುವ ಸದ್ದು. ಆಮೇಲೆ ನಗು, ಎಂಥ ನಗು! ಮುದುಕಿ ನೆಲಕ್ಕೆ ಬಿದ್ದು ನಗುತ್ತಿದ್ದಳು.

"ಹಲ್ಲು! ಎಲ್ರೂ ಬನ್ರೋ! ಇವನ ದವಡೆ ನೋಡಿ, ಉಷ್ಟ್ರಪಕ್ಷಿ ಮೊಟ್ಟೆ ಮುಕ್ಕಿದಾನೆ! ಹಲ್ಲುನೋವಂತೆ!"

ಸಂಗತಿ ಇಷ್ಟೇ. ಹಿಂದಿನ ಮಳೆಗಾಲದಲ್ಲಿ ಕೋಕಾಳ ಕಡೆಯ ಹಲ್ಲು ಬಿದ್ದಾಗ ಸಾಮ್ಕೋ ಅವಳನ್ನು ಆಮೆ ಎಂದು ಕರೆದು ತಿಂಗಳುಗಟ್ಟಲೆ ಕಾಡಿದ್ದ. ಈಗ ತನ್ನ ಹಲ್ಲಿಗೇ ಬಂದಾಗ, ಅವಳ ಬಾಯಿಗೆ ಸಿಕ್ಕರೆ ಉಳಿಗಾಲವಿಲ್ಲವೆಂದು ಕಂಬಳಿಯೊಳಗೆ ಅಡಗಿ ತಣ್ಣನೆಯ ಗಂಜಿನೀರು ಕುಡಿದುಕೊಂಡಿದ್ದ. ಬಾಯಿ ತೆರೆಯಲಾಗದವನು ಮುಳ್ಳುಹಂದಿ ಎಲ್ಲಿಂದ ತಿಂದಾನು?

ಕೋಕಾ ನರದ ದಾರ ಕಟ್ಟಿ ಹಲ್ಲನ್ನು ಕಿತ್ತೇಬಿಟ್ಟಳು. ಮುದುಕನ ಕೂಗಿಗೆ ನಾಯಿಗಳು ಓಡಿದವು. ದಾಬೆಗೆ ಹೋದ ಜೀವ ಬಂದಂತಾಯಿತು. ಕೂತಲ್ಲೇ ಮುಖ ಮುಚ್ಚಿಕೊಂಡು ನಕ್ಕ. ಕಣ್ಣಲ್ಲಿ ನೀರು ಬಂದದ್ದು ನಗುವಿಗೋ ಮತ್ತೊಂದಕ್ಕೋ ಅವನಿಗೂ ಗೊತ್ತಾಗಲಿಲ್ಲ.

ಸಂಜೆ ಮುಂದೆ ಕೋಕಾ ಅವನ ಪರವಾಗಿ ಇನ್ನೊಂದು ಮಾತನ್ನೂ ಕೇಳಿದಳು. "ಆ ಮರದ ಮೇಲೆ ನಿನ್ ಬಾಣ ಬಿಟ್ಟೋಗಿದ್ನಲ್ಲ ಇವನು, ಅದಕ್ಕೆ ಕೋಪ ಇಲ್ವಾ?"

"ಯಾವ ಬಾಣ?" ಅಂದ ಸಾಮ್ಕೋ, ಊದಿದ ಬಾಯಲ್ಲಿ. "ನಂಗೆ ನನ್ನ ಕಾಲೇ ಸರಿಯಾಗಿ ಕಾಣಲ್ಲ. ಮರದ ಮೇಲಿಂದು ಎಲ್ಲಿ ಕಾಣುತ್ತೆ?"

ಅಲ್ಲಿಗೆ ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಎಂದು ಊರೆಲ್ಲ ನಕ್ಕಿತು. ಬೇರು ಅಗೆದು ಅಂಗೈ ಬೊಬ್ಬೆ ಬಂದದ್ದೇ ಲಾಭ. ದಾಬೆಗೆ ಬೇಸರವಾಗಲಿಲ್ಲ. ಮುದುಕ ನೋಡೇ ಇಲ್ಲ! ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡು, ಉಂಕಾಳ ಪಕ್ಕ ಬಿದ್ದುಕೊಂಡವನು ಬೆಳಗಿನ ತನಕ ಏಳಲಿಲ್ಲ.

ಬೆಳಿಗ್ಗೆ ಪೈಪಿನಲ್ಲಿದ್ದ ಬಾಣಗಳನ್ನು ತೆಗೆದಿಡಲು ಹೊಸ ಬತ್ತಳಿಕೆಯ ಮುಚ್ಚಳ ತೆಗೆದ. ಒಳಗೆ ಆಗಲೇ ಒಂದು ಬಾಣವಿತ್ತು.

ಉದ್ದದ ಬಾಣ, ಸುಟ್ಟ ಗೆರೆಯ ಗುರುತು. ಸಡಿಲಾಗಿದ್ದ ನರದ ದಾರವನ್ನು ಬಿಚ್ಚಿ ಹೊಸದಾಗಿ ಸುತ್ತಲಾಗಿತ್ತು. ಮೊನೆಯ ಹಿಂದಿನ ಕಡ್ಡಿಗೆ ಹೊಸ ವಿಷ ಬಳಿದಿತ್ತು, ಇನ್ನೂ ಪೂರ್ತಿ ಒಣಗಿರಲಿಲ್ಲ. ಹೆಂಗಸರು ಬಾಣ ಮುಟ್ಟುವುದಿಲ್ಲ, ಉಯಿಗೆ ಅಷ್ಟು ನಾಜೂಕು ಇಲ್ಲ. ಮರದ ಮೇಲಿನದು ಕಾಣದ ಮುದುಕ, ಮರದಿಂದಲೇ ಬಾಣ ಇಳಿಸಿ, ರಿಪೇರಿ ಮಾಡಿ, ಇದರೊಳಗೆ ಇಟ್ಟು ಹೋಗಿದ್ದ. ಹಾಗಾದರೆ ಮೊದಲ ದಿನವೇ ನೋಡಿದ್ದ. ನೋಡಿಯೂ ನೋಡಿಲ್ಲ ಅಂದಿದ್ದ.

ಬೆಂಕಿಯ ಆಚೆ ಸಾಮ್ಕೋ, ಎಷ್ಟೋ ದಿನದ ಮೇಲೆ ಎಲ್ಲರ ನಡುವೆ ಬಂದು, ಅಳಿಯನಿಗೆ ಬೆನ್ನು ಮಾಡಿ ಕೂತು ಗಂಜಿ ಕುಡಿಯುತ್ತಿದ್ದ. ಕೋಕಾಳತ್ತ ತಿರುಗಿ ಜೋರಾಗಿ, "ಯಾರೋ ಹೊಸ ಬತ್ತಳಿಕೆ ಮಾಡವ್ರಂತೆ. ಕತ್ತೆಕಿರುಬ ಅಗಿದು ಉಗಿದ ಮೂಳೆ ಇದ್ದಂಗಿದೆ" ಅಂದ. ಒಳ್ಳೆಯದನ್ನು ಒಳ್ಳೆಯದು ಅನ್ನುವ ರೂಢಿ ನಮ್ಮಲ್ಲಿಲ್ಲ. ಇದಕ್ಕಿಂತ ದೊಡ್ಡ ಹೊಗಳಿಕೆ ಸಾಮ್ಕೋನ ಬಾಯಿಂದ ಯಾರಿಗೂ ಬಂದಿರಲಿಲ್ಲ.

ದಾಬೆ ಬಾಣಗಳನ್ನೆಲ್ಲ ತುಂಬಿದ, ಮುಚ್ಚಳ ಒತ್ತಿದ, ಬತ್ತಳಿಕೆಯನ್ನು ಭುಜಕ್ಕೆ ಹಾಕಿದ. ಆಮೇಲೆ ಅವನೂ ಕೋಕಾಳಿಗೇ ಹೇಳಿದ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ:

"ಹೇಳು ಮುದುಕಿ, ಬತ್ತಳಿಕೆ ಕೆಟ್ಟದ್ದೇ. ಅದ್ರಲ್ಲಿ ಒಂದು ಬಾಣ ಇನ್ನೂ ಕೆಟ್ಟದ್ದು, ಸುಮ್ನೆ ಉದ್ದ. ಏನ್ಮಾಡೋದು, ಹೊತ್ಕೊಂಡು ಹೋಗ್ತೀನಿ ಅಂತ."

ಅಳಿಯ ಮಾವನನ್ನು ರೇಗಿಸಿದ್ದನ್ನು ತಾಮ್ಸಾದಲ್ಲಿ ಯಾರೂ ಕೇಳಿರಲಿಲ್ಲ. ಸಾಮ್ಕೋ ತಿರುಗಿ ನೋಡಲಿಲ್ಲ. ಅವನ ಭುಜಗಳು ಮಾತ್ರ ಅಲುಗತೊಡಗಿದವು; ನಗು ತಡೆಯಲಾರದೆ ಗಂಜಿಯ ಬಟ್ಟಲನ್ನು ಕೆಳಗಿಟ್ಟು, ಊದಿದ ದವಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ದಾಬೆ ಅವನ ಬೆನ್ನ ಹಿಂದಿನಿಂದ ಹಾದು ಕಾಡಿನ ಕಡೆ ನಡೆದು ಹೋದ. ಬತ್ತಳಿಕೆ ಸದ್ದು ಮಾಡಲಿಲ್ಲ.